ಬಾಗಿಲಲ್ಲಿ ಕಾಯುವ ಟೀಚರ್

ಬೆಳಗಿನ ಪೂಜೆ ಮುಗಿದು ನಾಲ್ಕಾರು ಜನ ಚರ್ಚಿನಿಂದ ಹೊರಗೆ ಬರುತ್ತಿದ್ದಾರೆ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಅವರಲ್ಲೊಬ್ಬರು ಮನೆಯ ದಾರಿ ಹಿಡಿಯದೆ, ಚರ್ಚಿನ ಗೋಡೆಗೇ ಆನಿಕೊಂಡಿರುವ ಶಾಲೆಯ ಬೀಗ ತೆಗೆಯುತ್ತಾರೆ. ಒಂದನೇ ತರಗತಿಯ ದೀಪ ಹಾಕಿ, ಮಕ್ಕಳ ಗಿಡ್ಡ ಕುರ್ಚಿಗಳಲ್ಲಿ ಒಂದೊಂದರ ಮೇಲೂ ಸ್ವಲ್ಪ ಹೊತ್ತು ಕೂರುತ್ತಾರೆ. ಅಲ್ಲಿಂದ ಬೋರ್ಡು ಹೇಗೆ ಕಾಣುತ್ತದೆಂದು ನೋಡುತ್ತಾರೆ. ಕಣ್ಣು ಮುಚ್ಚಿ, ಅಲ್ಲಿ ಕೂರುವ ಮಗುವಿಗಾಗಿ ಪ್ರಾರ್ಥಿಸುತ್ತಾರೆ. ಏಳುವಾಗ ಮಾತ್ರ ಮೇಜು ಹಿಡಿಯಲೇಬೇಕು.

"ಕುರ್ಚಿ ಮುರಿದ್ರೆ ಫಾದರ್ ನನ್ನನ್ನೇ ಕೇಳೋದು," ಎಂದು ಕಸ ಗುಡಿಸುತ್ತಿರುವ ಆಯಾ ರೇಗಿಸುತ್ತಾರೆ.

"ಮುರಿಯೋದು ಕುರ್ಚಿ ಅಲ್ಲಮ್ಮ, ನನ್ನ ಸೊಂಟ."

ಈ ಟೀಚರ್ ಇಲ್ಲಿಗೆ ಬಂದದ್ದು ಹೆರಿಗೆ ರಜೆಗೆ ಹೋದವರ ಬದಲಿಗೆ. "ಆಗ ಹುಟ್ಟಿದ ಹುಡುಗನಿಗೆ ಮದುವೆನೂ ಆಯ್ತು. ನಾನಿನ್ನೂ ಬದಲಿಗೇ ಇದ್ದೀನಿ," ಎಂದು ನಗುತ್ತಾರೆ. ದೊಡ್ಡ ಶಾಲೆಗಳು ಕರೆದದ್ದುಂಟು. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ, ಮನೆಗೆ ಹತ್ತಿರವೆಂದು ಇಲ್ಲೇ ಉಳಿದರು. ಆಮೇಲೆ ಉಳಿದದ್ದು ಶಾಲೆಯ ಮೇಲಿನ ಪ್ರೀತಿಗೆ.

ಶಾಲೆ ಕಟ್ಟಿಸಿದ ಹಳೆಯ ಪಾದ್ರಿಯೊಬ್ಬರು, "ಪ್ರತಿ ಮಗುವನ್ನೂ ದೇವರು ಆಗಲೇ ಬಲ್ಲ, ನಾವು ಪರಿಚಯ ಮಾಡಿಕೊಂಡರೆ ಸಾಕು," ಎನ್ನುತ್ತಿದ್ದರಂತೆ. ಆ ಮಾತಿನಿಂದಲೇ ಇಲ್ಲಿ 'ಬಾಗಿಲ ಮಾತು' ಎಂಬ ಪದ್ಧತಿ ಹುಟ್ಟಿದೆ. ತರಗತಿಯೊಳಗೆ ಕಾಲಿಡುವ ಮೊದಲು ಪ್ರತಿ ಮಗುವೂ ಬಾಗಿಲಲ್ಲಿ ನಿಂತ ಟೀಚರಿಗೆ ತನ್ನ ಮನೆಯ ಒಂದು ಸುದ್ದಿ ಹೇಳಬೇಕು. ಬೆಕ್ಕು ಮರಿ ಹಾಕಿದ್ದು, ಅಜ್ಜನ ಹಲ್ಲಿನ ಸೆಟ್ಟು ಕಳೆದದ್ದು, ಏನಾದರೂ ಸರಿ. ಟೀಚರ್ ಬಗ್ಗಿ, ಮಗುವಿನ ಎತ್ತರಕ್ಕೆ ಕಿವಿ ತಂದು ಕೇಳುತ್ತಾರೆ. ಅಕ್ಷರ, ಲೆಕ್ಕ ಎಲ್ಲ ಆಮೇಲೆ.

ಒಬ್ಬ ಹುಡುಗಿ ಮಾತ್ರ ಎರಡನೇ ವರ್ಷವೂ ಒಂದನೇ ತರಗತಿಯಲ್ಲೇ ಇದ್ದಳು. ಶಾಲೆಯಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ಬಸ್ ಕಂಡಕ್ಟರ್ ಆಗಿರುವ ಅವಳ ಅಪ್ಪನಿಗೆ ಇದನ್ನು ನಂಬಲಾಗುತ್ತಿರಲಿಲ್ಲ. "ಮನೇಲಿ ಇವಳ ಬಾಯಿ ಮುಚ್ಚಿಸೋಕಾಗಲ್ಲ ಟೀಚರ್. ಮಾತಲ್ಲೇ ಊರೆಲ್ಲ ಸುತ್ತಿಸ್ತಾಳೆ, ಅದೂ ಟಿಕೆಟ್ ಇಲ್ದೆ."

ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕೊನೆಗೆ ಒಂದು ಮಾತು ಹೇಳಿದರು. ಪರೀಕ್ಷೆಯಲ್ಲಿ ಅವಳು ಬಾಯಿಬಿಟ್ಟು ಓದದಿದ್ದರೆ, ಬೇರೆ ಶಾಲೆಗೆ ಸೇರಿಸುವಂತೆ ಅಪ್ಪನಿಗೆ ತಿಳಿಸುವುದು. ಸಿಟ್ಟಿನಿಂದ ಹೇಳಿದ್ದಲ್ಲ. "ನಮ್ಮ ಹತ್ರ ಇಟ್ಕೊಂಡು ನಾವೇ ಅವಳಿಗೆ ಅನ್ಯಾಯ ಮಾಡ್ತಿದ್ದೀವೇನೋ ಅಂತ ಭಯ ನನಗೆ," ಎಂದಿದ್ದರು.

ಅದಾದ ಸ್ವಲ್ಪ ದಿನಕ್ಕೆ ಟೀಚರ್‌ಗೆ ಶೀತವಾಗಿ ಧ್ವನಿ ಪೂರ್ತಿ ಕೂತುಹೋಯಿತು. ಆ ಬೆಳಿಗ್ಗೆ ಹುಡುಗಿ ಬಾಗಿಲಿಗೆ ಬಂದು ನಿಂತು, ಟೀಚರ ಮುಖವನ್ನೇ ನೋಡಿದಳು. ಕಾದಳು.

"ಏನಕ್ಕೆ ಕಾಯ್ತಿದ್ದಾಳೆ ಅಂತ ಆಗ ಗೊತ್ತಾಯ್ತು," ಎನ್ನುತ್ತಾರೆ ಟೀಚರ್. "ಅವಳ ಸುದ್ದಿನ ದಿನಾ ನಾನೇ ಹೇಳ್ತಿದ್ದೆ. ಹೊಸ ರಿಬ್ಬನ್ನಾ, ಅಮ್ಮ ಕಟ್ಟಿದ್ರಾ, ತಮ್ಮ ಮಲಗಿದ್ನಾ ಅಂತ. ಅವಳು ತಲೆ ಆಡಿಸಿ ಒಳಗೆ ಹೋಗೋಳು. ಪಾಪ ಅಂತ ಮಾಡಿದ್ದು. ನನ್ನ ನೋಡಿ ಮಕ್ಕಳೂ ಕಲಿತ್ವು. ಅವಳಿಗೆ ನೀರು ಬೇಕಂತೆ, ಪೆನ್ಸಿಲ್ ಬೇಕಂತೆ, ಎಲ್ಲ ಅವರೇ ಹೇಳೋರು. ಮಾತಾಡೋ ಅವಶ್ಯಕತೆನೇ ಇರ್ಲಿಲ್ಲ ಅವಳಿಗೆ."

ಇನ್ನು ಯಾರೂ ಅವಳ ಪರವಾಗಿ ಹೇಳಬಾರದೆಂದು ತರಗತಿಯಲ್ಲಿ ಗೊತ್ತುಮಾಡಿದರು. ಮಕ್ಕಳಿಗೆ ಅದೇ ದೊಡ್ಡ ಶಿಕ್ಷೆಯಾಯಿತು. ಅವಳು ನೀರಿನ ಹೂಜಿಯ ಕಡೆ ನೋಡಿದರೆ ಸಾಕು, ಪಕ್ಕದವನು ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಬಾಗಿಲಲ್ಲಿ ಟೀಚರ್ ಬಗ್ಗಿ ಸುಮ್ಮನೆ ಕಾಯುತ್ತಿದ್ದರು. ಸಾಲು ಬೆಳೆಯುತ್ತಿತ್ತು, ಗಂಟೆ ಹೊಡೆದುಬಿಡುತ್ತಿತ್ತು. ಅವಳು ಏನೂ ಹೇಳದೆ ಒಳಗೆ ಹೋದರೂ ಬೈಗುಳವಿಲ್ಲ. "ನಾಳೆ ಕೇಳ್ತೀನಿ," ಎನ್ನುವುದು, ಅಷ್ಟೆ. ದಿನಾ ತಡವಾಗುತ್ತಿದೆಯೆಂದು ಸಿಸ್ಟರ್ ಎರಡು ಸಲ ಬಂದು ಕೇಳಿದ್ದೂ ಆಯಿತು.

"ನನಗೂ ಧೈರ್ಯ ಇರ್ಲಿಲ್ಲ," ಎಂದು ಟೀಚರ್ ಒಪ್ಪಿಕೊಳ್ಳುತ್ತಾರೆ. "ಮಗು ಸುಮ್ನೆ ನಿಂತಿರೋವಾಗ ನಾವು ಬಾಯಿ ಮುಚ್ಕೊಂಡಿರೋದು ಇದೆಯಲ್ಲ, ಪಾಠ ಮಾಡೋದಕ್ಕಿಂತ ಕಷ್ಟ."

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಹುಡುಗಿ ಚೀಲ ಕೆಳಗಿಟ್ಟು ಎಂದಿನಂತೆ ನಿಂತಳು. ಟೀಚರ್ ಇನ್ನಷ್ಟು ಹತ್ತಿರ ಬಗ್ಗಿದರು.

"ಟೀಚರ್, ನನ್ನ ಚೀಲ ತುಳೀತಿದ್ದೀರ."

ಟೀಚರ್ ಕಾಲು ತೆಗೆದು, "ತಪ್ಪಾಯ್ತಮ್ಮ," ಎಂದರು. ಹುಡುಗಿ ಚೀಲದ ಧೂಳು ಕೊಡವಿಕೊಂಡು ಒಳಗೆ ಹೋದಳು. ಸಾಲಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದಿದ್ದ ಪಕ್ಕದ ಹುಡುಗ ಕೈ ಇಳಿಸಿದ.

ಪರೀಕ್ಷೆಯ ದಿನ ಅವಳು ಸಿಸ್ಟರ ಮುಂದೆ ಒಂದು ಪುಟವನ್ನು ತಡೆತಡೆದು ಓದಿದಳು. ಅರ್ಧಕ್ಕೆ ನಿಂತಾಗ ಸಿಸ್ಟರೂ ಮುಂದಿನ ಪದ ಹೇಳಿಕೊಡದೆ ಕಾದರಂತೆ. ಎರಡನೇ ತರಗತಿಗೆ ಅವಳ ಹೆಸರು ಏರಿದೆ.

ಟೀಚರ್ ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ, ಸೆರಗಿನ ಸೀಮೆಸುಣ್ಣದ ಪುಡಿ ಕೊಡವುತ್ತಾರೆ.

"ಎರಡನೇ ಕ್ಲಾಸ್ ಟೀಚರ್ ನನ್ನ ಹತ್ರ ಒಂದು ದೂರು ತರ್ಬೇಕು. ಆ ಹುಡುಗಿ ಪಾಠ ಮಾಡೋಕೇ ಬಿಡಲ್ಲ, ಅಷ್ಟು ಮಾತಾಡ್ತಾಳೆ ಅಂತ."