ಸೊರಬದ ಹಸಿರು ಗೆರೆ

ಫ್ರಿಜ್ಜಿನ ಒಳಗಿರಬೇಕಾದ ವೈರು ಕಿಟಕಿಯಿಂದ ಹೊರಗೆ ಹೋಗಿತ್ತು. ಅದನ್ನು ಕಂಡಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಕಸುಬು ಕ್ಲೌಡ್. ಕಚೇರಿಯ ಮಾಹಿತಿಯನ್ನು ಅಲ್ಲಿನ ಯಂತ್ರದಲ್ಲಿಡದೆ ದೂರದ ದೊಡ್ಡ ಯಂತ್ರಗಳಿಗೆ ಸಾಗಿಸಿ, ಎಲ್ಲಿ ಕುಳಿತರೂ ನೋಡುವಂತೆ ಮಾಡುವುದು. ಯಾವುದನ್ನು ಸಾಗಿಸಬೇಕು, ಯಾವ ಕ್ರಮದಲ್ಲಿ, ಯಾರು ಏನನ್ನು ನೋಡಬೇಕು ಎಂದು ಹೇಳುವುದರಲ್ಲೇ ಆಯುಷ್ಯ ಕಳೆದವನು. ನಿವೃತ್ತನಾದ ಮೇಲೆ ಒಂದು ಸಣ್ಣ ಕಂಪನಿ ಸಲಹೆಗೆ ಕರೆಯಿತು. ಶಿಕಾರಿಪುರ, ಸೊರಬದ ಕಡೆ ಕುರಿಗಾರರಿಗೆ ಲಸಿಕೆ ಒದಗಿಸುವ ಕೇಂದ್ರಗಳು ಅದರವು. ಶಿಕಾರಿಪುರ ನನ್ನ ಊರೇ. ಒಪ್ಪಿಕೊಂಡೆ.

ಹಿರೇಬೇನೆ ಎಂದರೆ ಮಂದೆಯಿಂದ ಮಂದೆಗೆ ಹರಡಿ ಕುರಿ ಕೊಲ್ಲುವ ರೋಗ; ಅದರ ಲಸಿಕೆ ಸದಾ ತಂಪಿನಲ್ಲಿರಬೇಕು. ಬಿಸಿ ತಗುಲಿದರೆ ಕೆಟ್ಟಿತು, ಆದರೆ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಕೇಂದ್ರದ ಫ್ರಿಜ್ಜಿನಲ್ಲಿ ತಾಪ ಅಳೆಯುವ ಒಂದು ವೈರು ಇಡಿಸಿದೆ. ಅದರ ಅಳತೆ ಹತ್ತು ನಿಮಿಷಕ್ಕೊಮ್ಮೆ ನಮ್ಮ ಪರದೆಗೆ ಬರುತ್ತಿತ್ತು. ತಂಪಿದ್ದರೆ ಹಸಿರು ಗೆರೆ, ಎಂಟು ಡಿಗ್ರಿ ದಾಟಿದರೆ ಕೆಂಪು.

ನಾನು ಓದಿದ್ದು ಹಾಸ್ಟೆಲ್ಲಿನಲ್ಲಿ. ಬೆಳಗಿನ ಪ್ರಾರ್ಥನೆಗೆ ತಡವಾಗಿ ಬಂದವನು ಎಲ್ಲರೆದುರು ನಿಂತು ಕಾರಣ ಹೇಳಬೇಕಿತ್ತು. ಆ ಶಿಸ್ತಿನಿಂದಲೇ ಮನುಷ್ಯನಾದೆ ಎಂದು ನಂಬಿದ್ದೆ, ಇಲ್ಲೂ ಅದನ್ನೇ ತಂದೆ. ದಿನಾ ಏಳೂವರೆಗೆ ಎಲ್ಲ ಕೇಂದ್ರದವರೂ ಫೋನಿನಲ್ಲಿ ಸೇರಬೇಕು. ಯಾರ ಗೆರೆ ಕೆಂಪಾಗಿದೆಯೋ ಅವರು ಮೊದಲು ಮಾತಾಡಬೇಕು.

ಹೆಚ್ಚು ದಿನ ಮೊದಲು ಮಾತಾಡಿದ್ದು ಶಿಕಾರಿಪುರದ ಕೇಂದ್ರ ನೋಡಿಕೊಳ್ಳುತ್ತಿದ್ದ ಹೆಂಗಸು.

"ಕರೆಂಟ್ ಹೋಗಿತ್ರೀ ಸಾರ್. ಲಸಿಕಿ ಐಸ್ ಡಬ್ಬ್ಯಾಗ ಇಟ್ಟೀನಿ, ಏನೂ ಆಗಿಲ್ಲ."

"ಡಬ್ಬಿ ನನ್ನ ಪರದೆ ಮೇಲೆ ಕಾಣಲ್ಲಮ್ಮ. ಕೆಂಪು ಕಾಣುತ್ತೆ. ಸೊರಬದವರನ್ನ ನೋಡಿ ಕಲೀರಿ."

ಸೊರಬದ ಗೆರೆ ಸ್ಕೇಲಿಟ್ಟು ಎಳೆದಂತೆ ನೇರ, ಹಸಿರು. ಅಲ್ಲಿ ಕರೆಂಟು ಹೋಗುವುದೇ ಇಲ್ಲವೇ ಎಂದು ನಾನು ಕೇಳಲಿಲ್ಲ. ಆ ಗೆರೆಯನ್ನು ನಾಲ್ಕು ಸಭೆಗಳಲ್ಲಿ ತೋರಿಸಿ ಚಪ್ಪಾಳೆ ಹೊಡೆಸಿಕೊಂಡೆ.

ದೀಪಾವಳಿ ಕಳೆದು ಒಂದು ದಿನ ಹೇಳದೆ ಸೊರಬಕ್ಕೆ ಹೋದೆ. ಕೇಂದ್ರದ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ವೈರಿನ ಜಾಡು ಹಿಡಿದು ಕಿಟಕಿಯಾಚೆ ಹೋದರೆ ಪಕ್ಕದ ಜ್ಯೂಸ್ ಅಂಗಡಿ. ಅವರ ಫ್ರಿಜ್ಜಿನಲ್ಲಿ, ಕಲ್ಲಂಗಡಿ ಹೋಳುಗಳ ನಡುವೆ, ನಮ್ಮ ವೈರಿನ ತುದಿ ಮಲಗಿತ್ತು.

"ಅದನ್ನ ಮುಟ್ಬೇಡಿ ಮಾರಾಯ್ರೆ," ಎಂದಳು ಅಂಗಡಿಯಾಕೆ. "ಸರ್ಕಾರದ್ದೆಂತದೋ ಅಂತೆ. ನಮ್ಮಲ್ಲಿ ಇನ್ವರ್ಟರ್ ಇದ್ಯಲ, ಹಂಗಾಗಿ ಇಟ್ಟಿದಾರೆ."

ಅಷ್ಟರಲ್ಲಿ ಕೇಂದ್ರದವನು ಚಹಾ ಕುಡಿದು ಬಂದ. ನಲವತ್ತು ದಾಟಿದ ಗಂಡಸು. ನನ್ನನ್ನು ಕಂಡು ಅಲ್ಲೇ ನಿಂತ.

"ಏನ್ರೀ ಇದು?"

"ಎಂತ ಮಾಡೋದು ಸಾರ್? ದಿನಾ ಆ ಅಕ್ಕಂಗೆ ನೀವು ಬೈಯೋದು ಕೇಳ್ತಿದ್ದೆ. ಆ ಹೊತ್ತಿಗೆ ನನ್ನ ಮಕ್ಕಳು ಪಕ್ಕದಲ್ಲೇ ತಿಂಡಿ ತಿಂತಿರ್ತಾರೆ. ಅವರೆದುರು ನಂಗೆ ಬೈಸ್ಕೊಳ್ಳೋಕೆ ಆಗಲ್ಲ."

"ಲಸಿಕೆ ಎಲ್ಲಿತ್ತು?"

"ನಮ್ಮ ಫ್ರಿಜ್ಜಲ್ಲೇ."

"ಕರೆಂಟ್ ಇಲ್ಲದಾಗ?"

"ಆಗಲೂ ಅಲ್ಲೇ," ಎಂದು ಅವನು ಲಸಿಕೆ ಹಂಚಿದ ಲೆಕ್ಕದ ಪುಸ್ತಕ ತೆಗೆದು ನನ್ನ ಮುಂದಿಟ್ಟ.

ಆ ಲಸಿಕೆ ಹೋಗಿದ್ದು ತೊಗರ್ಸಿ ಕಡೆಯ ಒಂದು ಮನೆತನದ ಮಂದೆಗೆ, ಮುನ್ನೂರು ಕುರಿಗೆ. ಇನ್ನೆರಡು ದಿನದಲ್ಲಿ ಆ ಮಂದೆ ದಾವಣಗೆರೆ ಬಯಲಿಗೆ ಹೊರಡುವುದಿತ್ತು. ದಾರಿಯಲ್ಲಿ ಬೇರೆ ಮಂದೆಗಳ ಜೊತೆ ಕೆರೆ, ಬಯಲು ಹಂಚಿಕೊಂಡು ಹೋಗುವ ಕುರಿಗಳು. ಒಂದಕ್ಕೆ ಹಿರೇಬೇನೆ ತಗುಲಿದರೆ ಹಟ್ಟಿಯೇ ಖಾಲಿ.

ಕಂಪನಿಯ ಯಜಮಾನನಿಗೆ ಫೋನು ಮಾಡಿದೆ. ಪೂರ್ತಿ ಕೇಳಿ ಆತ ಹೇಳಿದ: "ಒಂದು ವಾರ ತಡೀರಿ ಸರ್. ಹೂಡಿಕೆದಾರರು ಬರ್ತಿದ್ದಾರೆ. ಸೊರಬದ ಗ್ರಾಫೇ ನಮ್ಮ ಮುಖ್ಯ ಸ್ಲೈಡು. ಆಮೇಲೆ ಸೈಲೆಂಟಾಗಿ ಮತ್ತೆ ಹಾಕಿಸೋಣ."

"ವಾರ ಕಳೆದರೆ ಕುರಿ ಇಲ್ಲಿರಲ್ಲ."

"ಎಲ್ಲಾ ಕುರಿಗೂ ರೋಗ ಬರಲ್ವಲ್ಲ ಸರ್."

ಫೋನು ಇಟ್ಟೆ. ಕಲ್ಲಂಗಡಿಯ ನಡುವಿನ ವೈರಿನ ಫೋಟೋ ತೆಗೆದು, ಯಾವ ಮಂದೆಗೆ ಕೆಟ್ಟ ಲಸಿಕೆ ಹೋಗಿದೆ ಎಂದು ಬರೆದು, ಎಲ್ಲ ಕೇಂದ್ರಗಳೂ ಇದ್ದ ಗುಂಪಿಗೆ ಹಾಕಿದೆ. ಕೆಳಗೆ ಈ ನಿಯಮ ಮಾಡಿದವನು ನಾನು ಎಂದೂ ಬರೆದೆ. ಗಂಟೆಯೊಳಗೆ ನನ್ನ ಪಾಸ್‌ವರ್ಡ್ ಕೆಲಸ ಮಾಡುವುದನ್ನು ನಿಲ್ಲಿಸಿತು. ನಾನೇ ಕಟ್ಟಿದ ಪರದೆ ನನಗೇ ಮುಚ್ಚಿತು.

ಶಿಕಾರಿಪುರದ ಹೆಂಗಸಿಗೆ ಫೋನು ಮಾಡಿ ಕೇಳಿದೆ: "ನಿಮ್ಮಲ್ಲಿ ಮುನ್ನೂರಕ್ಕೆ ಸಾಲುವಷ್ಟು ಲಸಿಕೆ ಇದೆಯಾ?"

"ಐತ್ರೀ. ತಂಪಾಗೇ ಐತಿ."

"ಕಂಪನಿ ಕೇಳಿದರೆ ನಿಮಗೆ ತೊಂದರೆ."

"ಕೇಳ್ಲಿ ಬಿಡ್ರಿ. ಮೊದಲು ಮಾತಾಡಿ ರೂಢಿ ಆಗೇತಿ."

ಮರುದಿನ ಆರೂವರೆಗೆ ಹಟ್ಟಿಯ ಹತ್ತಿರ ಹೋದರೆ ಆಕೆ ಆಗಲೇ ಬಂದಿದ್ದಳು, ಸ್ಕೂಟಿಯ ಮೇಲೆ ಎರಡು ಐಸ್ ಡಬ್ಬಿ ಕಟ್ಟಿಕೊಂಡು. ಕ್ಷಮೆ ಕೇಳಲು ರಾತ್ರಿಯೇ ಮಾತು ಜೋಡಿಸಿಟ್ಟಿದ್ದೆ. ಎರಡನೇ ವಾಕ್ಯ ಮುಗಿಯಲಿಲ್ಲ.

"ಸಾರ್, ಭಾಷಣ ಆಮ್ಯಾಲೆ. ಐಸ್ ಕರಗ್ತೈತಿ. ಕುರಿ ಹಿಡೀರಿ."

ಹಿಡಿದೆ. ಮೊದಲ ಕುರಿ ನನ್ನನ್ನು ಬೇಲಿಯವರೆಗೆ ಎಳೆದೊಯ್ದಿತು. ಯಾರೂ ನಗಲಿಲ್ಲ.

ಲಸಿಕೆ ಮೈಗೆ ಹಿಡಿಯಲು ಹದಿನೈದು ದಿನ ಬೇಕು, ಅಲ್ಲಿಯವರೆಗೆ ಮಂದೆ ಹೊರಡಬಾರದು ಎಂದು ಆಕೆ ಹೇಳಿದಾಗ ಕುರಿಗಾರ ಕಂಬಳಿ ಕೊಡವಿ ಎದ್ದ.

"ಹದಿನೈದು ದಿನ ಇಲ್ಲೇ ಏನು ಮೇಯಿಸ್ಲಿ? ಇವರ ಫೋನ್ ಮೇಯಿಸ್ಲಾ? ಬಯಲಾಗ ಗೌಡರು ಗೊಬ್ಬರಕ್ಕ ಹೊಲದಾಗ ಕುರಿ ಕೂರಿಸ್ತೀನಿ ಅಂತ ಕಾಯ್ತಾ ಕುಂತಾರ. ನಾ ಹೋಗ್ಲಿಲ್ಲ ಅಂದ್ರ ಬ್ಯಾರೆಯವರನ್ನ ಕರೀತಾರ."

ಅವನ ಹೆಂಡತಿ ಮರಿಯೊಂದನ್ನು ಕಂಕುಳಲ್ಲಿಟ್ಟುಕೊಂಡೇ ಹೇಳಿದಳು: "ಹಾದ್ಯಾಗ ಕುರಿ ಬಿದ್ರ ಎತ್ತೋರು ಯಾರು? ಹೋಗಾದು ಬ್ಯಾಡ."

ಅವನು ನನ್ನ ಕಡೆ ತಿರುಗಿದ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬೇಲಿಯ ಪಕ್ಕಕ್ಕೆ ಹೋಗಿ ಬಯಲಿನ ಗೌಡರಿಗೆ ಫೋನು ಮಾಡಿದ. ತಾನು ಮಾಡದ ತಪ್ಪಿಗೆ, ನಾವೆಲ್ಲ ಕೇಳುತ್ತಿರುವಾಗ, ಮೂರು ಸಲ "ತಪ್ಪಾತ್ರೀ ಗೌಡ್ರ, ಈ ಸಲ ಬರಾಕ ಆಗಂಗಿಲ್ರೀ" ಎಂದ. ಆ ಕಡೆಯವರು ಕಾರಣ ಕೇಳಿರಬೇಕು. ಅವನು ಫೋನನ್ನು ನನ್ನ ಕಡೆ ಚಾಚಿದ.