ಅಕ್ಕನ ಅಂಗೈಯ ಕಲೆ

ಅಕ್ಕನ ಬಲ ಅಂಗೈಯ ನಡುವೆ ಹುಣಸೆಬೀಜದಷ್ಟು ಅಗಲದ ಕಪ್ಪು ಕಲೆಯೊಂದಿದೆ. ಮದುವೆಯಲ್ಲಿ ಮೆಹಂದಿ ಹಚ್ಚಿದ ಹುಡುಗಿ ಅದರ ಮೇಲೆಯೇ ದೊಡ್ಡ ಹೂವು ಬಿಡಿಸಿದ್ದಳು. ಬಣ್ಣ ಇಳಿದ ಮೇಲೆ ಹೂವು ಹೋಯಿತು, ಕಲೆ ಉಳಿಯಿತು. ಕೇಳಿದವರಿಗೆಲ್ಲ ಅಕ್ಕ ರೊಟ್ಟಿ ಹಂಚು ತಾಗಿ ಸುಟ್ಟದ್ದು ಎನ್ನುತ್ತಿದ್ದಳು. ಹೊತ್ತಿದ ತುದಿ ಯಾರಿಗೂ ಕಾಣಬಾರದೆಂದು ಬೀಡಿಯನ್ನು ಮುಷ್ಟಿಯೊಳಗೆ ಹಿಡಿದು ಸೇದಿ ಸೇದಿ ಆದ ಕಲೆ ಅದು. ಬಸುರಿಯಾಗಿದ್ದಾಗ ಅವಳು ಬೀಡಿ ಬಿಡಲು ನನ್ನೊಬ್ಬನ ಸಹಾಯ ಕೇಳಿದ್ದಳು. ನಾನು ಮಾಡಲಿಲ್ಲ. ಏಳನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಬರೆಯುವುದು ರೂಢಿಯಿಲ್ಲ. ಆದರೂ ಇಷ್ಟನ್ನು ಬರೆಯಲೇಬೇಕು.

ನಾವು ವಿಜಯಪುರ ಕಡೆಯವರು, ದುಡಿಯಲು ತೆಲುಗು ನಾಡಿನ ಶಹರಕ್ಕೆ ಬಂದವರು. ಅಪ್ಪ ಬೇಗಂ ಬಜಾರಿನ ಸಗಟು ಕಿರಾಣಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ಮನೆಗೆ ಬಂದು ಗೋಡೆಗೆ ಒರಗಿದ ಕೂಡಲೇ ಅವನಿಗೆ ಬೀಡಿ ಬೇಕು. ಕಡ್ಡಿ ಗೀರಿದರೆ ದಂಡವೆಂದು ಅವನ ಲೆಕ್ಕ. ಬೀಡಿಯನ್ನು ಒಲೆಯ ಕೆಂಡಕ್ಕೆ ಹಿಡಿದು, ಆರದಂತೆ ಒಂದು ದಮ್ಮು ಎಳೆದು, ಓಡಿ ಬಂದು ಅವನ ಕೈಗೆ ಕೊಡಬೇಕು. ಗಂಡುಹುಡುಗನಾದ್ದರಿಂದ ಅದು ನನ್ನ ಕೆಲಸ. ನನಗೋ ಆ ಹೊಗೆಗೆ ವಾಂತಿ ಬರುತ್ತಿತ್ತು. ಒಂದು ದಿನ ನಾನು ಒಲೆಯ ಮುಂದೆ ಓಕರಿಸುತ್ತ ಕುಳಿತಾಗ ಅಕ್ಕ ಬೀಡಿ ಕಸಿದುಕೊಂಡಳು.

"ತಾ ಇಲ್ಲಿ, ಅಂಜುಬುರುಕ. ಬೀಡಿ ಹಚ್ಚಾಕ ಬರೂದಿಲ್ಲ, ಮುಂದ ಹೆಂಡ್ತೀನ ಹೆಂಗ ಸಾಕ್ತೀ?"

ಅಂದಿನಿಂದ ಆ ಒಂದು ದಮ್ಮು ಅವಳದಾಯಿತು. ಒಂದು ಎರಡಾಯಿತು. ಮದುವೆಯ ಹೊತ್ತಿಗೆ ಅವಳಿಗೆ ಅದಿಲ್ಲದೆ ಬೆಳಗು ಆಗುತ್ತಿರಲಿಲ್ಲ.

ಅಕ್ಕ ಯಾರಿಗೂ ಜಗ್ಗಿದವಳಲ್ಲ. ನಾನು ದುಡಿಯುವ ಸ್ಟೀಲ್ ಪಾತ್ರೆ ಅಂಗಡಿಗೆ ಬಂದರೆ ನನ್ನ ಮಾಲೀಕನನ್ನೂ ಬಿಡುತ್ತಿರಲಿಲ್ಲ. "ಡಬ್ಬಾ ಲೇನೇಕು ಆಯೀ ಸೇಠ್, ದುಕಾನ್ ನಕ್ಕೋ" ಎನ್ನುವಳು. ಡಬ್ಬಿ ಕೊಳ್ಳಲು ಬಂದಿದ್ದೇನೆ, ನಿನ್ನ ಅಂಗಡಿ ನನಗೆ ಬೇಡ ಎಂದು. ಸೇಠ್ ನಕ್ಕು ದರ ಇಳಿಸುತ್ತಿದ್ದ. ಭಾವ ಶಹರದ ಹೊರಗಿನ ಮಣಿಕೊಂಡದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದರು. ಅಲ್ಲಿ ಆಗಿನ್ನೂ ಬಂಡೆ, ಮುಳ್ಳುಕಂಟಿ. ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿ, ನೀರಿನ ಟ್ಯಾಂಕರಿನವನನ್ನು ತೆಲುಗಿನಲ್ಲಿ ಬೈದು, ಸಾಲಿನಲ್ಲಿ ಮೊದಲು ಕೊಡ ತುಂಬಿಸಿಕೊಂಡವಳು ಅವಳು.

ಅಂಥವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಒಮ್ಮೆ ಅಂಜಿದ್ದನ್ನು ಕಂಡೆ. ಬೀಡಿ ಹೊಟ್ಟೆಯೊಳಗಿನ ಕೂಸಿಗೂ ತಟ್ಟುತ್ತದೆ, ಬಿಟ್ಟುಬಿಡು ಎಂದು ದವಾಖಾನೆಯಲ್ಲಿ ಡಾಕ್ಟರಮ್ಮ ಹೇಳಿದ್ದರಂತೆ. ಅವ್ವ ಇಲ್ಲದ ಹೊತ್ತು ನೋಡಿ ಅಕ್ಕ ನನ್ನನ್ನು ಕರೆದಳು.

"ತಮ್ಮಾ, ನನಗ ನನ್ನ ಮ್ಯಾಲೆ ನಂಬಿಕಿ ಇಲ್ಲ, ನಿನ್ನ ಮ್ಯಾಲೆ ಐತಿ. ನಾ ಅತ್ತು ಕೇಳಿದ್ರೂ ಕೊಡಬ್ಯಾಡ."

"ಬಡಿದ್ರ?"

"ಬಡಿಸ್ಕೋ. ಕೊಡಬ್ಯಾಡ."

ಮೊದಮೊದಲು ಕೊಡಲಿಲ್ಲ. ಆಮೇಲೆ ಅವಳು ನನ್ನೊಂದಿಗೆ ಮಾತು ಬಿಟ್ಟಳು. ಬಡಿದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾತಿಲ್ಲದ ಅಕ್ಕನನ್ನು ತಡೆದುಕೊಳ್ಳಲಾಗಲಿಲ್ಲ. ಅಪ್ಪನ ಕಟ್ಟಿನಿಂದ ಒಂದು ಬೀಡಿ ಎಳೆದು ಅವಳ ಕೈಯಲ್ಲಿಟ್ಟೆ. ಅವಳು ಸೇದಿದಳು, ಅತ್ತಳು, ಮತ್ತೆ ನನ್ನನ್ನು ಮಾತನಾಡಿಸಿದಳು. ಅವಳ ಸಂಕಟ ನೋಡಲಾರದೆ ಕೊಟ್ಟೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನನ್ನ ನೆಮ್ಮದಿಗಾಗಿ ಕೊಟ್ಟೆ. ಒಮ್ಮೆ ಕೊಟ್ಟವನು ದಿನವೂ ಕೊಟ್ಟೆ.

ಹೆಣ್ಣು ಕೂಸು ಅಂಗೈ ಮೇಲಿನ ಗುಬ್ಬಿಮರಿಯಂತೆ ಸಣ್ಣದಾಗಿ ಹುಟ್ಟಿತು. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ತಾಯಿ ಬೀಡಿ ಸೇದಿದ್ದೂ ಇದಕ್ಕೆ ಕಾರಣವಿರಬಹುದು ಎಂದು ಡಾಕ್ಟರಮ್ಮ ಹೇಳಿದರು. ದವಾಖಾನೆಯಲ್ಲಿದ್ದಷ್ಟು ದಿನ ಅಕ್ಕ ಬೀಡಿ ಮುಟ್ಟಲಿಲ್ಲ. ಮನೆಗೆ ಬಂದ ಮೇಲೆ ಅಪ್ಪನ ಬೀಡಿಯ ವಾಸನೆಗೆ ಅವಳು ಮತ್ತೆ ಮತ್ತೆ ಬಾಗಿಲ ಕಡೆ ತಿರುಗುವುದನ್ನು ನೋಡಿ ನಾನೇ ಒಂದು ಉಪಾಯ ಹೇಳಿಕೊಟ್ಟೆ. ಬಾಣಂತಿಯ ಮಂಚದ ಕೆಳಗೆ ಅವ್ವ ಅಗ್ಗಿಷ್ಟಿಕೆ ಇಟ್ಟು, ಕೆಂಡಕ್ಕೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕುತ್ತಿದ್ದಳು. ಕೋಣೆ ತುಂಬ ಹೊಗೆ. ಅದರಲ್ಲಿ ಬೀಡಿಯ ಹೊಗೆ ಬೆರೆತರೆ ಯಾರ ಮೂಗಿಗೆ ತಿಳಿದೀತು? ಉಪಾಯ ನನ್ನದು, ಬೀಡಿ ತಂದದ್ದೂ ನಾನು.

ಮೊಮ್ಮಗಳನ್ನು ನೋಡಲು ಬಂದ ಅಕ್ಕನ ಅತ್ತೆ ಒಂದು ಮುಂಜಾನೆ ಅಗ್ಗಿಷ್ಟಿಕೆಯ ಬೂದಿ ಚೆಲ್ಲಲು ಹೋದರು. ಬೂದಿಯಲ್ಲಿ ಬೀಡಿಯ ತುಂಡು ಸಿಕ್ಕಿತು.

"ಯಾರು ತಂದುಕೊಟ್ರು?"

"ಅಪ್ಪನ ಕಟ್ಟಿನಾಗಿಂದ ನಾನ ತಗೊಂಡೀನ್ರಿ" ಎಂದಳು ಅಕ್ಕ.

"ಎದ್ದು ಅಡ್ಡಾಡಾಕ ಬರದ ಬಾಣಂತಿ ಹತ್ರ ಬೀಡಿ ತಾನ ನಡಕೊಂತ ಬಂತೇನ?"

"ಹೌದ್ರಿ. ನಡಕೊಂತ ಬಂತು."

ನಾನು ಬಿಸಿನೀರಿನ ಕೊಡ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಹೊಗೆಗೆ ವಾಂತಿ ಮಾಡುವವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅಕ್ಕ ನನ್ನ ಕಡೆ ನೋಡಲೂ ಇಲ್ಲ, ನೋಡಿದ್ದರೆ ಸಿಕ್ಕಿಬೀಳುತ್ತಿದ್ದೆ. ಅತ್ತೆ ಬೈದ ಬೈಗುಳವನ್ನೆಲ್ಲ ಅವಳೊಬ್ಬಳೇ ತೆಗೆದುಕೊಂಡಳು. ಅಪ್ಪ ಹೊಸ್ತಿಲ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. ಅವನಿಗೆ ಯಾರೂ ಏನೂ ಅನ್ನಲಿಲ್ಲ.

ಆ ದಿನವೇ ಅಕ್ಕ ಬೀಡಿ ಬಿಟ್ಟಳು. ನನ್ನ ಸೇಠನ ಅಂಗಡಿಯಿಂದ ಕೊಂಡ ಡಬ್ಬಿಯಲ್ಲಿ ಹುರಿದ ಸಬ್ಬಸಿಗೆ ಬೀಜ, ಒಣಕೊಬ್ಬರಿ ತುಂಬಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೀಡಿ ನೆನಪಾದಾಗಲೆಲ್ಲ ಒಂದು ಚಿಟಿಕೆ ಬಾಯಿಗೆ. ಈಗಲೂ ಆ ಡಬ್ಬಿ ಅವಳ ಸೊಂಟ ಬಿಟ್ಟಿಲ್ಲ. ಆದರೆ ಮಗಳಿಗೆ ಚಳಿಗಾಲ ಬಂದರೆ ಉಬ್ಬಸ. ಹುಡುಗಿ ಕೆಮ್ಮಿದಾಗಲೆಲ್ಲ ಅತ್ತೆ, "ಎಲ್ಲಾ ನಿಮ್ಮವ್ವನ ಹೊಗಿ" ಎಂದೇ ಅವಳನ್ನು ಬೆಳೆಸಿದರು.

ಈಗ ಮಣಿಕೊಂಡದ ತುಂಬ ಗಾಜಿನ ಆಫೀಸುಗಳು. ಅಕ್ಕ ಹುಡುಗಿಯರ ಹಾಸ್ಟೆಲಿನಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಒಮ್ಮೆ ಅವಳೊಂದಿಗೆ ಚಹಾ ಬಂಡಿಯ ಬಳಿ ನಿಂತಿದ್ದೆ. ತುಂಬಿದ ಬಸುರಿ ಒಬ್ಬಳು ಸಿಗರೇಟು ಸೇದುತ್ತಿದ್ದಳು. ಸುತ್ತಲಿನವರು ಅವಳನ್ನು ಕಣ್ಣಲ್ಲೇ ಸುಡುತ್ತಿದ್ದರು. ಅಕ್ಕ ಹೋಗಿ ಅವಳ ಪಕ್ಕದ ಕಟ್ಟೆಯಲ್ಲಿ ಕುಳಿತು, ಡಬ್ಬಿ ತೆರೆದು ಮುಂದೆ ಹಿಡಿದಳು. ಏನು ಮಾತಾಡಿದರೋ ಕೇಳಲಿಲ್ಲ. ಆ ಹುಡುಗಿ ಸಿಗರೇಟು ಹೊಸಕಿ ಹಾಕಿ ಕಣ್ಣೊರೆಸಿಕೊಂಡಳು.

"ಬೈದ್ಯಾ?" ಎಂದೆ.

"ಬೈಯಾವ್ರು ಭಾಳ ಮಂದಿ ಅದಾರ. ಬಾಜೂಕ ಕೂಡಾವ್ರು ಬೇಕಲ್ಲೋ" ಎಂದಳು.

ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಅದಕ್ಕೇ ಆಳಕ್ಕೆ ಇಳಿಯಿತು.

ಹೋದ ತಿಂಗಳು ಅಕ್ಕನ ಮನೆಯಲ್ಲಿ ಅವಳ ಮಗಳ ಕುಬಸ. ಸೋದರಮಾವನಾಗಿ ನಾನು ಬಸುರಿಗೆ ಉಡಿಸುವ ಹಸಿರು ಸೀರೆ ಒಯ್ದಿದ್ದೆ. ಅಕ್ಕ ಮಗಳಿಗೆ ಬಳೆ ತೊಡಿಸುತ್ತಿದ್ದಳು. ಕುರ್ಚಿಯಲ್ಲಿ ಕುಳಿತಿದ್ದ ಮುದಿ ಅತ್ತೆ ಹೊಸ ಬೀಗತಿಗೆ ಎಲ್ಲರಿಗೂ ಕೇಳುವಂತೆ ಹೇಳಿದರು:

"ಬಾಣಂತನ ನಿಮ್ಮ ಮನಿಯಾಗ ಮಾಡ್ರಿ. ಇವಳ ಕೈಯಾಗ ಕೂಸು ಕೊಟ್ರ ಅದರ ಎದಿಯಾಗೂ ಹೊಗಿ ತುಂಬ್ತಾಳ."

ಮಗಳು ತಾಯಿಯ ಮುಖ ನೋಡಿದಳು. ಅಕ್ಕ ಬಳೆ ಕೆಳಗಿಟ್ಟು ಬಲಗೈ ಮುಷ್ಟಿ ಮುಚ್ಚಿಕೊಂಡಳು. ಆಗಲೂ ಅವಳು ನನ್ನ ಕಡೆ ನೋಡಲಿಲ್ಲ.

"ದೊಡ್ಡವ್ವಾ, ಆ ಬೀಡಿ ನಡಕೊಂತ ಬಂದಿದ್ದಿಲ್ರಿ" ಎಂದೆ. "ನಾ ತಂದುಕೊಟ್ಟಿದ್ದೆ. ಬಸುರಿದ್ದಾಗೂ ನಾನ, ಬಾಣಂತ್ಯಾದಾಗೂ ನಾನ. ಕೊಡಬ್ಯಾಡ ಅಂತ ಅಕ್ಕ ಮೊದಲ ಹೇಳಿದ್ಲು."

"ಸುಮ್ಕಿರೋ ತಮ್ಮಾ, ಮಂದಿ ಮುಂದ" ಎಂದು ಅಕ್ಕ ಗದರಿದಳು.

ಅಕ್ಕನ ಮಗಳು ನನ್ನತ್ತ ತಿರುಗಿ ನೋಡಿದಳು. ಆಮೇಲೆ ತಾಯಿಯ ಮುಂದೆ ಮತ್ತೆ ಕೈ ಚಾಚಿದಳು. "ಬಳಿ ಹಾಕವ್ವಾ. ನನ್ನ ಬಾಣಂತನ ನೀನ ಮಾಡಬೇಕು. ಈ ಮಾಮಾನ್ನ ಮಾತ್ರ ಕೋಣಿ ಒಳಗ ಬಿಡಬ್ಯಾಡ" ಎಂದಳು. ಹೆಂಗಸರು ನಕ್ಕರು. ಅತ್ತೆ ನಗಲಿಲ್ಲ.

ನಾನು ಅಕ್ಕನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತೆ. ಮುಚ್ಚಿದ ಅವಳ ಕೈಯನ್ನು ಬಿಡಿಸಿ ಆ ಕಲೆಯ ಮೇಲೆ ನನ್ನ ಕೈಯಿಟ್ಟೆ. ಎಲ್ಲರಿಗೂ ಕೇಳುವಂತೆಯೇ ಹೇಳಿದೆ: "ಅಕ್ಕಾ, ಕೊಡಬ್ಯಾಡ ಅಂದಿದ್ದಿ, ಕೊಟ್ಟೆ. ನಿನಗ ಬೈಯುವಾಗ ಬಾಯಿ ಬಿಡಬೇಕಾಗಿತ್ತು, ಬಿಡಲಿಲ್ಲ. ನಂದ ತಪ್ಪಾತು."