ಮದುಮಗಳ ಕೈಗೆ ಸ್ಪ್ಯಾನರ್

ವಿಜಯವಾಡದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ರವಿಯ ಮದುವೆ ಮಂಗಳಗಿರಿಯಲ್ಲಿತ್ತು. ಮದುಮಗಳನ್ನು ಮನೆಯಿಂದ ಛತ್ರಕ್ಕೆ ಕರೆತರುವ ಕೆಲಸ ನನ್ನ ಹಳೇ ಕಾರಿಗೆ ಬಿತ್ತು. ಆಕೆ, ಆಕೆಯ ತಂದೆ ಹತ್ತಿ ಕೂತರು. ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು. ಮುಹೂರ್ತಕ್ಕೆ ಇನ್ನು ಮುಕ್ಕಾಲು ಗಂಟೆ. ಮತ್ತೆ ತಿರುಗಿಸಿದೆ, ಮತ್ತೆ ಅದೇ ಸದ್ದು.

“ಲೈಟು ಚೆನ್ನಾಗಿ ಉರಿಯುತ್ತಿದೆಯಾ ಅಣ್ಣಯ್ಯಾ?” ಮದುಮಗಳು ಹಿಂದಿನ ಸೀಟಿನಿಂದ ತೆಲುಗಿನಲ್ಲಿ ಕೇಳಿದಳು.

“ಉರಿಯುತ್ತಿದೆಯಮ್ಮಾ.”

“ಹಾಗಾದರೆ ಬ್ಯಾಟರಿ ಸರಿಯಿದೆ. ಸ್ಟಾರ್ಟರ್ ಮೋಟಾರು ಹಟ ಮಾಡುತ್ತಿದೆ. ಸ್ಪ್ಯಾನರ್ ಕೊಡಿ.”

ನಾನು ಅವಳ ತಂದೆಯ ಮುಖ ನೋಡಿದೆ. “ಕೊಡಿ ಬಾಬು, ನನ್ನ ಗ್ಯಾರೇಜಿನಲ್ಲೇ ಬೆಳೆದವಳು. ನನಗಿಂತ ಕೈಗುಣ ಚೆನ್ನಾಗಿದೆ” ಎಂದರು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ ಎತ್ತಿ, ಮೋಟಾರಿಗೆ ಮೆಲ್ಲಗೆ ನಾಲ್ಕೇಟು ಹಾಕಿದಳು. “ಈಗ ತಿರುಗಿಸಿ” ಎಂದಳು. ತಿರುಗಿಸಿದೆ, ಇಂಜಿನ್ ಗುರ್ರೆಂದು ಎದ್ದಿತು. ಬಾಗಿಲಲ್ಲಿ ಗಾಬರಿಯಾಗಿ ನಿಂತಿದ್ದ ನೆಂಟರೆಲ್ಲ ನಗುತ್ತ ಚಪ್ಪಾಳೆ ತಟ್ಟಿದರು.

ಛತ್ರದಲ್ಲಿ, ಮದುಮಗಳ ಗೋರಂಟಿಯ ಕೈಗೆ ಗ್ರೀಸ್ ಮೆತ್ತಿರುವುದನ್ನು ರವಿ ಬೆರಗಿನಿಂದ ನೋಡಿದ. ನಡೆದದ್ದನ್ನು ಹೇಳಿದಾಗ ಹೆಮ್ಮೆಯಿಂದ ಬೀಗಿದ. ಆಮೇಲೆ ಮೆಕ್ಯಾನಿಕಲ್ ಇಂಜಿನಿಯರಾದ ಅವನು ನನ್ನ ಕಿವಿಯಲ್ಲಿ, “ಈ ಸ್ಟಾರ್ಟರ್ ಮೋಟಾರು ಕಾರಿನಲ್ಲಿ ಎಲ್ಲಿರುತ್ತದೋ?” ಎಂದು ಕೇಳಿದ. ನಾನೂ ಆ ಬೆಳಿಗ್ಗೆಯಷ್ಟೇ ಕಲಿತಿದ್ದೆ, ಆದರೂ ಗಂಭೀರವಾಗಿ ವಿವರಿಸಿದೆ.